ಎಂಟು ಬಾರ್‌ಗಳ ಲೂಪನ್ನು ಪೂರ್ತಿ ಟ್ರ್ಯಾಕ್ ಆಗಿ ಬೆಳೆಸುವುದು ಹೇಗೆ? ಹಲಗಿಯನ್ನು ಅದರಲ್ಲಿ ಎಲ್ಲಿ ಕೂಡಿಸಬೇಕು?

ಪ್ರಶ್ನೆ (ಹಳೇಹುಬ್ಬಳ್ಳಿ)

ಎಲ್ಲರಿಗೂ ನಮಸ್ಕಾರ. ಎಫ್‌ಎಲ್ ಸ್ಟುಡಿಯೋ ಎಂಬ ಸಂಗೀತ ತಂತ್ರಾಂಶದಲ್ಲಿ 124 ಬಿಪಿಎಂ (ನಿಮಿಷಕ್ಕೆ 124 ಲಯದ ಪೆಟ್ಟು) ವೇಗದ, ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಶೈಲಿಯ ಟ್ರ್ಯಾಕೊಂದನ್ನು ಕಟ್ಟುತ್ತಿದ್ದೇನೆ. ಕಿಕ್ (ದಪ್ಪ ಡ್ರಮ್ಮಿನ ಪೆಟ್ಟು), ಬೇಸ್ (ಕೆಳಸ್ವರದ ನಾದ), ಹೈ-ಹ್ಯಾಟ್ (ಜೋಡಿ ತಾಳದ ನಾದ) ಮತ್ತು ಹೋಳಿಹುಣ್ಣಿಮೆಯಲ್ಲಿ ನಮ್ಮ ಓಣಿಯಲ್ಲಿ ಮೊಬೈಲಿನಿಂದ ಮುದ್ರಿಸಿಕೊಂಡ ಹಲಗಿ (ಸಣ್ಣ ಕಡ್ಡಿ, ದಪ್ಪ ಕೋಲುಗಳಿಂದ ಬಾರಿಸುವ ಚರ್ಮವಾದ್ಯ) ಸೇರಿ ಎಂಟು ಬಾರ್‌ಗಳ (ನಾಲ್ಕು ಪೆಟ್ಟಿಗೊಂದು ಬಾರ್) ಲೂಪ್, ಅಂದರೆ ಮತ್ತೆ ಮತ್ತೆ ಸುತ್ತುವ ತುಣುಕು, ಸೊಗಸಾಗಿ ಬಂದಿದೆ. ಆದರೆ ಅದನ್ನು ಆರು ನಿಮಿಷಕ್ಕೆ ಬೆಳೆಸಲು ಹೊರಟಾಗಲೆಲ್ಲ ಹೊಸ ಹೊಸ ನಾದಗಳನ್ನು ಸೇರಿಸುತ್ತ ಹೋಗುತ್ತೇನೆ, ಎರಡನೇ ನಿಮಿಷಕ್ಕೇ ಎಲ್ಲವೂ ಗದ್ದಲವಾಗುತ್ತದೆ. ಹಲಗಿಯದು ಬೇರೆಯೇ ತೊಡಕು: ಗ್ರಿಡ್‌ಗೆ (ತಂತ್ರಾಂಶದ ಸಮಾಂತರದ ಲಯದ ಗೆರೆಗಳಿಗೆ) ಕೂಡಿಸಿದರೆ ಅದರ ಜೀವ ಹೋಗುತ್ತದೆ, ಹಾಗೆಯೇ ಬಿಟ್ಟರೆ ಕಿಕ್‌ನೊಂದಿಗೆ ತಾಕಲಾಡುತ್ತದೆ. ಬಲ್ಲವರು ಯಾವ ಕ್ರಮದಲ್ಲಿ ಮುಂದುವರಿಯುತ್ತೀರಿ?

ಉತ್ತರ (ಸಾಧನಕೇರಿ, ಧಾರವಾಡ)

124 ಬಿಪಿಎಂನಲ್ಲಿ ಎಂಟು ಬಾರ್ ಎಂದರೆ ಸುಮಾರು ಹದಿನೈದೂವರೆ ಸೆಕೆಂಡು. ಆರು ನಿಮಿಷದಲ್ಲಿ ಅದು ಇಪ್ಪತ್ತಮೂರು ಸಲ ಬರುತ್ತದೆ. ಈ ಸಂಗೀತದಲ್ಲಿ ಮರುಕಳಿಕೆ ದೋಷವಲ್ಲ. ಹೌಸ್ ರೂಪುಗೊಳ್ಳುತ್ತಿದ್ದ 1980ರ ದಶಕದ ಆರಂಭದಲ್ಲಿ ಷಿಕಾಗೋದ ಡಿಜೆ ಫ್ರ್ಯಾಂಕಿ ನಕಲ್ಸ್ ಅವರು ಡಿಸ್ಕೋ ಹಾಡುಗಳ ಲಯದ ಭಾಗಗಳನ್ನು ಟೇಪಿನಲ್ಲಿ ಕತ್ತರಿಸಿ, ಜೋಡಿಸಿ, ಕುಣಿಯುವವರಿಗಾಗಿ ಉದ್ದ ಮಾಡುತ್ತಿದ್ದರು. ಆದ್ದರಿಂದ ನೀವು ಸೇರಿಸುವುದನ್ನು ನಿಲ್ಲಿಸಿ, ಇರುವ ಲೂಪನ್ನೇ ಎಲ್ಲ ನಾದಗಳ ಸಮೇತ ಆರು ನಿಮಿಷದುದ್ದಕ್ಕೂ ಹಾಸಿರಿ. ಅನಂತರ ಅಳಿಸುತ್ತ ಬನ್ನಿರಿ. ಮೊದಲ 32 ಬಾರ್‌ಗಳಲ್ಲಿ, ಅಂದರೆ ಸುಮಾರು ಒಂದು ನಿಮಿಷ, ಕಿಕ್ ಮತ್ತು ಹೈ-ಹ್ಯಾಟ್ ಮಾತ್ರ ಉಳಿದರೆ ಡಿಜೆಗೆ ಹಿಂದಿನ ಟ್ರ್ಯಾಕಿನಿಂದ ಇದಕ್ಕೆ ದಾಟಲು ಅನುಕೂಲವಾಗುತ್ತದೆ. ಆಮೇಲೆ ಎಂಟು ಅಥವಾ ಹದಿನಾರು ಬಾರ್‌ಗಳಿಗೊಮ್ಮೆ ಒಂದೇ ಒಂದು ಬದಲಾವಣೆ ಸಾಕು. ನಡುವೆ ಕಿಕ್ ತೆಗೆದುಬಿಡಿ. ಅದು ಮರಳಿ ಬೀಳುವ ಕ್ಷಣಕ್ಕೇ ಜನ ಕಾಯುತ್ತಾರೆ. (ಈ ಹಂತದಲ್ಲಿ ಹೊಸ ಪ್ಲಗಿನ್ ಹುಡುಕುವುದು ಕೆಲಸ ತಪ್ಪಿಸಿಕೊಳ್ಳುವ ನೆಪ ಎಂಬುದು ನನ್ನ ಅಭಿಪ್ರಾಯ.)

ಉತ್ತರ (ಗದಗ)

ಹಲಗಿಯ ವಿಷಯಕ್ಕೆ ಬರುತ್ತೇನೆ. ನಿಮ್ಮ ವೇಗದಲ್ಲಿ ಬಾರಿನ ಹದಿನಾರನೇ ಒಂದು ಭಾಗ ಸುಮಾರು 121 ಮಿಲಿಸೆಕೆಂಡು. ಬಾರಿಸುವವರ ಕೈ ಅದಕ್ಕಿಂತ ತುಸು ಮುಂದೆ ಅಥವಾ ಹಿಂದೆ ಬೀಳುತ್ತದೆ, ನೀವು ಜೀವ ಎನ್ನುತ್ತಿರುವುದು ಅಲ್ಲಿಯೇ ಇದೆ. ಪ್ರತಿ ಬಾರಿನ ಮೊದಲ ಪೆಟ್ಟನ್ನು ಮಾತ್ರ ಗ್ರಿಡ್‌ಗೆ ಹೊಂದಿಸಿ, ಒಳಗಿನ ಪೆಟ್ಟುಗಳನ್ನು ಮುಟ್ಟಬೇಡಿ. ಸಣ್ಣ ಕಡ್ಡಿಯ ಪೆಟ್ಟು 15 ಮಿಲಿಸೆಕೆಂಡು ತಡವಾಗಿದ್ದರೆ ಹೈ-ಹ್ಯಾಟನ್ನೂ ಅಷ್ಟೇ ತಡವಾಗಿಸಿ. ಹಲಗಿ ಯಂತ್ರವನ್ನು ಹಿಂಬಾಲಿಸುವ ಬದಲು ಯಂತ್ರವೇ ಹಲಗಿಯನ್ನು ಹಿಂಬಾಲಿಸಲಿ. ಇನ್ನೊಂದು ಮಾತು: ಬೆಂಕಿಗೆ ಕಾಸಿದ ಕೂಡಲೇ ಹಲಗಿಯ ದನಿ ಬಿಗಿಯಾಗಿದ್ದು, ಚರ್ಮ ತಣ್ಣಗಾದಂತೆ ಇಳಿಯುತ್ತದೆ, ಆದ್ದರಿಂದ ತುಣುಕುಗಳನ್ನು ಒಂದೇ ಸುತ್ತಿನಿಂದ ಆರಿಸಿಕೊಳ್ಳಿ. ಕಿಕ್‌ನ ಭಾರ ಸಾಮಾನ್ಯವಾಗಿ 50ರಿಂದ 60 ಹರ್ಟ್ಸ್ ಸುತ್ತ ಇರುವುದರಿಂದ ಹಲಗಿಯಲ್ಲಿ 150 ಹರ್ಟ್ಸ್‌ಗಿಂತ ಕೆಳಗಿನದನ್ನು ಕತ್ತರಿಸಿ, ಸೈಡ್‌ಚೈನ್ ಹಚ್ಚಿ, ಕಿಕ್ ಬಿದ್ದಾಗ ಹಲಗಿ ಕ್ಷಣಕಾಲ ತಗ್ಗುವಂತೆ ಮಾಡಿ. ಜಗ್ಗಲಿಗೆಯ ಮುದ್ರಣವೇನಾದರೂ ಸಿಕ್ಕರೆ ಇದೇ ಉಪಾಯ ನಡೆಯದು. ಚಕ್ಕಡಿಯ ಗಾಲಿಗೆ ಎಮ್ಮೆಯ ಚರ್ಮ ಬಿಗಿದ ಆ ವಾದ್ಯದ ತೂಕವೆಲ್ಲ ಕೆಳಗೇ ಇದೆ. ಕಿಕ್ ಇಲ್ಲದ ಜಾಗವನ್ನೇ ಅದಕ್ಕೆ ಬಿಟ್ಟುಕೊಡಬೇಕು.

ಉತ್ತರ (ರಾಣೆಬೆನ್ನೂರು)

ಸಾಧನಕೇರಿಯವರು ಹೇಳಿದ ಕ್ರಮವನ್ನು ಅರ್ಧ ಮಾತ್ರ ಒಪ್ಪುತ್ತೇನೆ. ಪರದೆ ನೋಡುತ್ತ, ಬಾರ್ ಎಣಿಸುತ್ತ ಅಳಿಸಿದರೆ ಎಲ್ಲರ ಟ್ರ್ಯಾಕುಗಳೂ ಒಂದೇ ಅಚ್ಚಿನವಾಗುತ್ತವೆ. ಲೂಪ್ ಓಡುತ್ತಿರುವಾಗಲೇ ಚಾನೆಲ್‌ಗಳನ್ನು ಕೈಯಿಂದ ಮ್ಯೂಟ್ ಮಾಡುತ್ತ, ಬೇಸ್‌ನ ಫಿಲ್ಟರ್ (ನಾದದ ಒಂದು ಭಾಗವನ್ನು ತಡೆಯುವ ಸಾಧನ) ನಿಧಾನವಾಗಿ ತೆರೆಯುತ್ತ, ನಿಂತುಕೊಂಡು ಮುದ್ರಿಸಿ ನೋಡಿ. ಕಿಕ್ ಯಾವಾಗ ಬರಬೇಕೆಂದು ಕಾಲಿಗೇ ತಿಳಿಯುತ್ತದೆ. ಸ್ವರಗಳು ಬೇಕೆನಿಸಿದರೂ ಕಾರ್ಡ್‌ಗಳ (ಒಟ್ಟಿಗೆ ನುಡಿಯುವ ಸ್ವರಗುಚ್ಛಗಳ) ಸರಣಿಯೇ ಬೇಕೆಂದಿಲ್ಲ. ಮುಂಬಯಿಯ ಸಂಗೀತಗಾರ ಚರಣಜಿತ್ ಸಿಂಗ್ ಅವರು 1982ರಷ್ಟು ಹಿಂದೆಯೇ ಟಿಆರ್-808 ಡ್ರಮ್ ಯಂತ್ರ ಮತ್ತು ಟಿಬಿ-303 ಬೇಸ್ ಯಂತ್ರಗಳೊಡನೆ ರಾಗಗಳನ್ನು ಡಿಸ್ಕೋ ಲಯದಲ್ಲಿ ನುಡಿಸಿದ್ದರು. ಬೇಸ್ ಷಡ್ಜವನ್ನು ಬಿಡದೆ ಹಿಡಿದಿದ್ದರೆ ಮೇಲೆ ರಾಗ ಬೆಳೆಯಲು ಸ್ಥಳ ಸಿಗುತ್ತದೆ.

ಪ್ರಶ್ನೆ ಕೇಳಿದವರು (ಹಳೇಹುಬ್ಬಳ್ಳಿ)

ಧನ್ಯವಾದಗಳು. ಹೈ-ಹ್ಯಾಟನ್ನು ತಡವಾಗಿಸಿದೊಡನೆ ತಾಕಲಾಟ ಬಹುಮಟ್ಟಿಗೆ ತಗ್ಗಿತು. ಮೊಬೈಲಿನ ಮುದ್ರಣದಲ್ಲಿ ದಪ್ಪ ಕೋಲಿನ ಪೆಟ್ಟುಗಳು ಒಡೆದಂತೆ ಕೇಳಿಸುತ್ತಿವೆ, ಅದನ್ನು ಸರಿಪಡಿಸಬಹುದೇ?

ಉತ್ತರ (ಗದಗ)

ಒಡೆದ ಪೆಟ್ಟು ಪೂರ್ತಿ ಸರಿಹೋಗುವುದು ಕಷ್ಟ. ಒಡೆಯದ ಪೆಟ್ಟೊಂದನ್ನು ಹುಡುಕಿ ಆ ಜಾಗಗಳಲ್ಲಿ ಕೂಡಿಸಿ. ಮುಂದಿನ ಹೋಳಿಗೆ ರೆಕಾರ್ಡಿಂಗ್ ಮಟ್ಟವನ್ನು ಕೈಯಿಂದಲೇ ತಗ್ಗಿಸಿಕೊಂಡು, ಮೇಳದಿಂದ ಸ್ವಲ್ಪ ದೂರ ನಿಂತು ಮುದ್ರಿಸಿರಿ.