ಸೋಲೊ, ರೋಮರ್, ಅಘಿಯಾನ್–ಹೋವಿಟ್: ಸಿಂಗಪುರದ ಲೆಕ್ಕಕ್ಕೆ ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ಎಂ.ಎ. ಸೆಮಿನಾರಿಗೆ ಸಿಂಗಪುರದ ಬೆಳವಣಿಗೆಯ ವಿಷಯ ತೆಗೆದುಕೊಂಡಿದ್ದೇನೆ. ಆರ್ಥಿಕ ಬೆಳವಣಿಗೆಯನ್ನು ವಿವರಿಸುವ ಸೋಲೊ, ರೋಮರ್, ಅಘಿಯಾನ್–ಹೋವಿಟ್ ಮಾದರಿಗಳನ್ನು ಓದಿದರೆ ಮೂರೂ ಸರಿ ಎನಿಸುತ್ತವೆ. ಹೋಲಿಸುವುದು ಹೇಗೆ?

ಉತ್ತರ: ಮೂರನ್ನೂ ಒಂದೇ ಮಾತು ಕೇಳಿ: ಉಳಿತಾಯದ ದರ ಎರಡು ಪಟ್ಟಾದರೆ ಏನಾಗುತ್ತದೆ? ಸೋಲೊ (1956) ಪ್ರಕಾರ ಆದಾಯದ ಮಟ್ಟ ಏರುತ್ತದೆ, ಬೆಳವಣಿಗೆಯ ದರ ಮಾತ್ರ ನಿಧಾನವಾಗಿ ಹಳೆಯ ಜಾಗಕ್ಕೇ ಇಳಿಯುತ್ತದೆ. ಒಟ್ಟು ಆದಾಯದಲ್ಲಿ ಬಂಡವಾಳದ ಪಾಲು ಮೂರನೇ ಒಂದಾದರೆ ತಲಾ ಉತ್ಪನ್ನ ಕೊನೆಗೆ 1.41 ಪಟ್ಟು, ಅಷ್ಟೇ. ಒಬ್ಬ ಕಾರ್ಮಿಕನಿಗೆ ಎರಡನೇ ಯಂತ್ರ ಕೊಟ್ಟರೆ ಮೊದಲನೆಯದರಷ್ಟು ಫಲ ಸಿಗದು. ರೋಮರ್ (1990) ಹೇಳುವುದು, ಆ ಹಣದ ಜೊತೆ ಜನ ಸಂಶೋಧನೆಗೆ ಹೋದರೆ ದರವೇ ಏರುತ್ತದೆ, ಏಕೆಂದರೆ ಒಂದು ಸೂತ್ರವನ್ನು ಸಾವಿರ ಕಾರ್ಖಾನೆ ಬಳಸಿದರೂ ಅದು ಸವೆಯದು. ಅಘಿಯಾನ್–ಹೋವಿಟ್ (1992) ಇನ್ನೊಂದು ಷರತ್ತು ಹಾಕುತ್ತಾರೆ: ಹೊಸಬರು ಬಂದು ಹಳಬರ ಮಾರುಕಟ್ಟೆ ಕಸಿಯಬೇಕು. ಹಾಗಾಗಿ ಅವರ ಮಾದರಿಯನ್ನು ಪರೀಕ್ಷಿಸಲು ಕಂಪನಿಗಳು ಹುಟ್ಟುವ, ಮುಚ್ಚುವ ಅಂಕಿಅಂಶ ಬೇಕು. ಒಟ್ಟು ಜಿಡಿಪಿ ಸಾಲದು.

ಪ್ರಶ್ನೆ: ಅರ್ಥಶಾಸ್ತ್ರಜ್ಞ ಆಲ್ವಿನ್ ಯಂಗ್ (1995) 1966–90ರ ಸಿಂಗಪುರಕ್ಕೆ ಉತ್ಪಾದಕತೆಯ ಬೆಳವಣಿಗೆ ವರ್ಷಕ್ಕೆ ಬರೀ 0.2% ಎಂದಿದ್ದಾರೆ. ನಾನು ಲೆಕ್ಕ ಹಾಕಿದಾಗ ಶೇಷ (ಬಂಡವಾಳ, ದುಡಿಮೆಗಳ ಕೊಡುಗೆ ಕಳೆದು ಉಳಿಯುವ, ಉತ್ಪಾದಕತೆ ಎನ್ನುವ ಭಾಗ) ಯಾವಾಗಲೂ ದೊಡ್ಡದೇ ಬರುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಉತ್ತರ: ಬಹುಶಃ ಎರಡು ಕಡೆ. ಅಭ್ಯಾಸಕ್ಕೆ ಒಂದು ಲೆಕ್ಕ: ಉತ್ಪನ್ನ 8%, ಬಂಡವಾಳ 10%, ಕಾರ್ಮಿಕರ ಸಂಖ್ಯೆ 3% ಬೆಳೆದಿವೆ ಎಂದುಕೊಳ್ಳಿ. ಪಠ್ಯಪುಸ್ತಕದಂತೆ ಬಂಡವಾಳದ ಪಾಲು ಮೂರನೇ ಒಂದು, ದುಡಿಮೆಯದು ಉಳಿದ ಮೂರನೇ ಎರಡು ಎಂದು ಹಿಡಿದು ಗುಣಿಸಿದರೆ 3.3 + 2 = 5.3, ಶೇಷ 2.7. ಯಂಗ್ ಸಿಂಗಪುರಕ್ಕೆ ಹಿಡಿದ ಪಾಲು ಹೆಚ್ಚುಕಡಿಮೆ ಅರ್ಧ. ಹಾಗೆ ಹಿಡಿದರೆ 5 + 1.5, ಶೇಷ 1.5ಕ್ಕೆ ಇಳಿಯಿತು. ಇನ್ನು ತಲೆ ಎಣಿಸುವುದನ್ನು ಬಿಟ್ಟು ಶಿಕ್ಷಣ, ದುಡಿದ ಗಂಟೆ ಸೇರಿಸಿ ದುಡಿಮೆ 4.5% ಬೆಳೆದಿದೆ ಎಂದರೆ ಉಳಿಯುವುದು 0.75. ದೇಶ ಅದೇ, ವರ್ಷ ಅದೇ.

ಅದಕ್ಕೇ ಶೇಷವನ್ನು ನೇರವಾಗಿ ‘ನಾವೀನ್ಯ’ ಎಂದು ಬರೆಯಬೇಡಿ. ಅಳೆಯಲಾಗದ್ದೆಲ್ಲ ಅಲ್ಲೇ ಬಂದು ಸೇರುತ್ತದೆ.

ಪ್ರಶ್ನೆ: ಹಾಗಾದರೆ ಯಂಗ್ ಅವರ 0.2% ಖಚಿತವೇ?

ಉತ್ತರ: ಇಲ್ಲ. ಬಂಡವಾಳ ಅಷ್ಟೊಂದು ರಾಶಿಬಿದ್ದಿದ್ದರೆ ಅದರ ಮೇಲಿನ ಪ್ರತಿಫಲ ಕುಸಿಯಬೇಕಿತ್ತು. ಅರ್ಥಶಾಸ್ತ್ರಜ್ಞ ಚಾಂಗ್-ತಾಯ್ ಶಿಯೆ (2002) ಮಾರುಕಟ್ಟೆಯ ಪ್ರತಿಫಲ ನೋಡಿದಾಗ ಅಂಥ ಕುಸಿತ ಸಿಗಲಿಲ್ಲ. ಕೂಲಿ, ಬಂಡವಾಳದ ಬಾಡಿಗೆ ಬೆಲೆಗಳಿಂದ ಅವರು ಹಾಕಿದ ಲೆಕ್ಕದಲ್ಲಿ ಉತ್ಪಾದಕತೆಯ ಬೆಳವಣಿಗೆ ದರ ಉತ್ಪನ್ನದಿಂದ ಹಾಕಿದ ಲೆಕ್ಕಕ್ಕಿಂತ ವರ್ಷಕ್ಕೆ 2 ಶೇಕಡಾ ಅಂಶಕ್ಕೂ ಹೆಚ್ಚು ಬಂತು. ಸೆಮಿನಾರಿನಲ್ಲಿ ಎರಡೂ ಲೆಕ್ಕವನ್ನು ಪಕ್ಕಪಕ್ಕದಲ್ಲಿಡಿ, ನೀವು ಹಿಡಿದ ಬಂಡವಾಳದ ಪಾಲನ್ನು ಮೊದಲ ಸಾಲಿನಲ್ಲೇ ಬರೆಯಿರಿ.