ಕಲಘಟಗಿ ಮೇಲೆ ಎದ್ದ ಅಡ್ಡಮಳೆ ಮೋಡ ನಮ್ಮ ಕಡೆ ಬರುತ್ತದೋ ಇಲ್ಲವೋ, ಒಂದು ತಾಸು ಮೊದಲೇ ತಿಳಿಯುವುದು ಹೇಗೆ?

ಕುಂದಗೋಳ_ಕಣ:

ಕಣದಲ್ಲಿ ಹರವಿದ ಮೆಣಸಿನಕಾಯಿಯನ್ನು ಗುಡ್ಡೆ ಮಾಡಿ ತಾಡಪತ್ರಿ ಹೊದಿಸಲು ನಾಲ್ಕು ಆಳಿಗೆ ಮುಕ್ಕಾಲು ಗಂಟೆ ಬೇಕು. ಹಾಗಾಗಿ ಮಳೆ ಬರುವುದು ಒಂದು ತಾಸು ಮುಂಚೆ ಗೊತ್ತಾಗಬೇಕು. ಹವಾಮಾನ ಇಲಾಖೆಯ ಮೂರು ಗಂಟೆಯ ಮುನ್ಸೂಚನೆ ಇಡೀ ಜಿಲ್ಲೆಗೆ ಒಂದೇ ಬಣ್ಣ ಕೊಡುತ್ತದೆ, ಕಣದ ಲೆಕ್ಕಕ್ಕೆ ಅದು ಸಾಲದು.

ಗೊಂದಲ ಮೂರು. ಗೋವಾ ರೇಡಾರಿನಲ್ಲಿ ಕಲಘಟಗಿ ಮೇಲೆ ಕೆಂಪು ಕಾಣುತ್ತದೆ, ಇಲ್ಲಿಗೆ ಹನಿಯೂ ಬರುವುದಿಲ್ಲ. ಇನ್ನೊಂದು ದಿನ ಏನೂ ಕಾಣದ ಜಾಗದಲ್ಲಿ ಅರ್ಧ ಗಂಟೆಯಲ್ಲಿ ಮೋಡ ಎದ್ದು ಸುರಿಯುತ್ತದೆ. ಎರಡನೆಯದು, ಮೊಬೈಲಿನ ಬಾರೋಮೀಟರ್ ಬೆಳಿಗ್ಗೆ ಹತ್ತರಿಂದ ಸಂಜೆ ನಾಲ್ಕರವರೆಗೆ ಇಳಿಯುತ್ತಲೇ ಇರುತ್ತದೆ. ಅದು ಮಳೆಯ ಲಕ್ಷಣವೇ? ಮೂರನೆಯದು, ಮೋಡ ಪಡುವಣದಿಂದಲೇ ಬರುತ್ತದೆ ಎನ್ನುತ್ತಾರೆ. ಆದರೆ ಗದಗಿನ ಕಡೆಯಿಂದ ಬಂದು ಹೊಡೆಯುವ ದಿನಗಳೂ ಕಡಿಮೆ ಇಲ್ಲ.

ನೃಪತುಂಗ_ಬೆಟ್ಟ:

ಮೂರನೆಯ ಪ್ರಶ್ನೆಯಿಂದ ಶುರು ಮಾಡೋಣ, ಉಳಿದದ್ದಕ್ಕೆಲ್ಲ ಅದೇ ಬುಡ. ಜೂನ್ ನಂತರ ಮೋಡ ಪಡುವಣದಿಂದ ಬರುವುದು ನಿಜ. ಅಶ್ವಿನಿ, ಭರಣಿ ಮಳೆಗಳ ಕಾಲದಲ್ಲಿ ಆ ಮಾತು ನಡೆಯುವುದಿಲ್ಲ. ಗುಡುಗು ಮೋಡವನ್ನು ಹೊತ್ತು ನಡೆಸುವುದು ಸುಮಾರು ಮೂರರಿಂದ ಆರು ಕಿ.ಮೀ. ಎತ್ತರದ ಗಾಳಿ. ಏಪ್ರಿಲ್‌ನಲ್ಲಿ 500 ಹೆಕ್ಟೋಪ್ಯಾಸ್ಕಲ್ (ಗಾಳಿಯ ಒತ್ತಡದ ಅಳತೆ; ಈ ಮಟ್ಟ ಎಂದರೆ ಸುಮಾರು ಆರು ಕಿ.ಮೀ. ಎತ್ತರ) ಮಟ್ಟದಲ್ಲಿ ಅಧಿಕ ಒತ್ತಡದ ಒಂದು ಏಣು, ಅಂದರೆ ಉದ್ದನೆಯ ಪಟ್ಟಿ, ದಕ್ಷಿಣ ಭಾರತದ ಮೇಲೆ ಅಡ್ಡಡ್ಡ ಮಲಗಿರುತ್ತದೆ. 75 ಡಿಗ್ರಿ ರೇಖಾಂಶದಲ್ಲಿ ಅದರ ಸರಾಸರಿ ಜಾಗ 15 ಡಿಗ್ರಿ ಉತ್ತರದ ಆಸುಪಾಸು. ಹುಬ್ಬಳ್ಳಿ ಇರುವುದು 15.36 ಉತ್ತರ, 75.12 ಪೂರ್ವ, ಅಂದರೆ ಬಹುತೇಕ ಏಣಿನ ಕೆಳಗೇ ಕುಳಿತಿದ್ದೇವೆ. ಅದರ ಉತ್ತರಕ್ಕೆ ಪಶ್ಚಿಮದ ಗಾಳಿ, ದಕ್ಷಿಣಕ್ಕೆ ಪೂರ್ವದ ಗಾಳಿ, ನಡುವೆ ಗಾಳಿಯೇ ದುರ್ಬಲ. ಏಣು ನೂರು ಕಿ.ಮೀ. ಆಚೀಚೆ ಸರಿದರೆ ಮೋಡ ಬರುವ ದಿಕ್ಕೇ ತಿರುಗಿಬಿಡುತ್ತದೆ. ಹಾಗಾಗಿ ಬೆಳಿಗ್ಗೆ ಮಾಡಬೇಕಾದ ಮೊದಲ ಕೆಲಸ, ವಿಂಡಿ ಆ್ಯಪ್‌ನಲ್ಲಿ 700 ಮತ್ತು 500 ಹೆಕ್ಟೋಪ್ಯಾಸ್ಕಲ್ ಮಟ್ಟದ ಮಧ್ಯಾಹ್ನದ ಗಾಳಿ ನೋಡಿ ದಿಕ್ಕು, ವೇಗ ಬರೆದಿಟ್ಟುಕೊಳ್ಳುವುದು.

ಈಗ ಕಲಘಟಗಿ ಲೆಕ್ಕ. ಮೇಲಿನ ಗಾಳಿ ಗಂಟೆಗೆ 15 ಕಿ.ಮೀ. ಇದೆ ಎಂದಿಟ್ಟುಕೊಳ್ಳಿ. ಬಿಡಿ ಮೋಡವೊಂದರ ಆಯುಷ್ಯ ಅರ್ಧದಿಂದ ಒಂದು ಗಂಟೆ. ಅಷ್ಟರಲ್ಲಿ ಅದು ಸರಿಯುವುದು ಹೆಚ್ಚೆಂದರೆ 15 ಕಿ.ಮೀ. ಕಲಘಟಗಿಯಿಂದ ಕುಂದಗೋಳಕ್ಕೆ ನೇರ ಅಳತೆಯಲ್ಲೇ 30 ಕಿ.ಮೀ. ಇದೆ. ಅಂದಮೇಲೆ ಆ ಮೋಡ ನಿಮ್ಮ ಕಣಕ್ಕೆ ಬರುವುದೇ ಇಲ್ಲ, ದಾರಿಯಲ್ಲೇ ಸತ್ತುಹೋಗುತ್ತದೆ. ಬರುವುದು ಅದರ ಗಾಳಿ. ಮಳೆಯ ಜತೆ ಕೆಳಗಿಳಿದ ತಣ್ಣನೆಯ ಗಾಳಿ ನೆಲಕ್ಕೆ ಬಡಿದು ಸುತ್ತಲೂ ಹರಡುತ್ತದೆ, ಗಂಟೆಗೆ 30–50 ಕಿ.ಮೀ. ವೇಗದಲ್ಲಿ. ಅದು ಎದುರಿನ ಬಿಸಿ ಗಾಳಿಯನ್ನು ಸನಿಕೆಯಂತೆ ಮೇಲಕ್ಕೆತ್ತಿದಲ್ಲಿ ಹೊಸ ಮೋಡ ಹುಟ್ಟುತ್ತದೆ. ‘ಏನೂ ಕಾಣದ ಜಾಗದಲ್ಲಿ ಎದ್ದು ಸುರಿಯಿತು’ ಎಂದಿರಲ್ಲ, ಅದು ಇದೇ. ಕಲಘಟಗಿ ಕಡೆಯಿಂದ ಒಂದು, ನವಲಗುಂದ ಕಡೆಯಿಂದ ಇನ್ನೊಂದು ಹೀಗೆ ಹರಿದುಬಂದು ಹುಬ್ಬಳ್ಳಿ ಬಳಿ ಡಿಕ್ಕಿಯಾದರೆ ಆ ದಿನದ ಅತಿ ಜೋರು ಮಳೆ ಬಹುಶಃ ಅಲ್ಲೇ.

ರೇಡಾರ್ ಇದನ್ನು ತೋರಿಸುವುದಿಲ್ಲ, ಕಾರಣ ದೂರ. ಗೋವಾ ರೇಡಾರ್ ಇರುವ ಪಣಜಿಯಿಂದ ಹುಬ್ಬಳ್ಳಿ ಸುಮಾರು 140 ಕಿ.ಮೀ., ಕುಂದಗೋಳ 155, ಗದಗ 190. ಅರ್ಧ ಡಿಗ್ರಿ ಕೋನದಲ್ಲಿ ಹೊರಟ ಕಿರಣ, ಭೂಮಿಯ ಬಾಗು ಸೇರಿ, ಕುಂದಗೋಳದ ಮೇಲೆ ಬರುವಾಗ ಸಮುದ್ರಮಟ್ಟದಿಂದ 2.7 ಕಿ.ಮೀ. ಮೇಲಿರುತ್ತದೆ, ನೆಲದಿಂದ ಎರಡು ಕಿ.ಮೀ. ಗದಗಿನ ಮೇಲೆ 3.8. ತಣ್ಣನೆಯ ಗಾಳಿಯ ಅಂಚು ಇರುವುದು ನೆಲದಿಂದ ಒಂದು ಕಿ.ಮೀ. ಒಳಗೆ. ಕಿರಣ ಅದರ ತಲೆಯ ಮೇಲೆ ದಾಟಿಹೋಗುತ್ತದೆ. ಹಾಗೆಯೇ ರೇಡಾರಿನ ಕೆಂಪು ಎಂದರೆ ಎರಡು ಕಿ.ಮೀ. ಮೇಲೆ ದಪ್ಪ ಹನಿ ಇದೆ ಎಂದಷ್ಟೇ. ಆ ಹನಿ ನೆಲ ಮುಟ್ಟುತ್ತದೆ ಎಂಬ ಖಾತರಿ ಇಲ್ಲ.

ಚಿತ್ರದ ಮೂಲೆಯ ಸಮಯವನ್ನೂ ನೋಡಿ. ಅದು ಯುಟಿಸಿ (ಅಂತರರಾಷ್ಟ್ರೀಯ ಸಮಯ) ಆಗಿದ್ದರೆ ಐದೂವರೆ ಗಂಟೆ ಕೂಡಿಸಬೇಕು, 0930 ಎಂದಿದ್ದರೆ ನಮ್ಮ ಮಧ್ಯಾಹ್ನ ಮೂರು. ಹಳೆಯ ಚಿತ್ರವನ್ನು ಈಗಿನದೆಂದು ಓದುವುದು ಬಹಳ ಸಾಮಾನ್ಯ ತಪ್ಪು.

ಎರಿಹೊಲ_ಅಣ್ಣಿಗೇರಿ:

ಹನಿ ನೆಲ ಮುಟ್ಟತೈತೋ ಇಲ್ಲೋ ಅನ್ನೋದನ್ನ ಮನ್ಯಾಗ ಲೆಕ್ಕ ಹಾಕಬಹುದ್ರಿ, ಎರಡು ಗಾಜಿನ ಥರ್ಮಾಮೀಟರ್ ಸಾಕು. ಅರ್ಧ ಡಿಗ್ರಿ ಗೆರಿ ಇರೋವು ತಗೋರಿ. ಒಂದನ್ನ ಹಂಗ ಬಿಡ್ರಿ. ಇನ್ನೊಂದರ ಬುಡಕ್ಕ ಮಲ್ಮಲ್ ಬಟ್ಟಿ ಸುತ್ತಿ, ಅದರ ಬಾಲ ಸಣ್ಣ ಶೀಶೆಯ ನೀರಾಗ ಇಳಿಬಿಡ್ರಿ. ಹೊಸ ಬಟ್ಟಿ ಇದ್ರ ಗಂಜಿ ಹೋಗೋ ಹಂಗ ಒಗದು ಹಾಕ್ರಿ, ಇಲ್ಲಂದ್ರ ನೀರು ಏರಂಗಿಲ್ಲ. ನಮ್ಮ ಕಡೆ ಬೋರ್ ನೀರು ಹಾಕಬ್ಯಾಡ್ರಿ. ವಾರದಾಗ ಬಟ್ಟಿ ಮ್ಯಾಲ ಬಿಳಿ ಉಪ್ಪು ಕಟ್ಟಿ ಹಸಿ ಥರ್ಮಾಮೀಟರ್ ಒಂದೆರಡು ಡಿಗ್ರಿ ಜಾಸ್ತಿ ತೋರಸ್ತೈತಿ, ಹಂಗಾದ್ರ ಹವಾದಾಗ ಇಲ್ಲದ ತೇವ ಇದ್ದಂಗ ಕಾಣತೈತಿ. ಬ್ಯಾಟರಿಗೆ ಹಾಕೋ ಡಿಸ್ಟಿಲ್ಡ್ ನೀರು ಬೆಸ್ಟ್. ಬಡಗಣ ಕಡೆ ನೆರಳಾಗ, ಎದಿ ಎತ್ತರಕ್ಕ ತೂಗುಹಾಕ್ರಿ, ತಗಡಿನ ಕೆಳಗ ಮಾತ್ರ ಬ್ಯಾಡ. ಓದೋಕಿಂತ ಮೊದಲ ಎರಡು ಮಿನಿಟ ಟೇಬಲ್ ಫ್ಯಾನ್ ಗಾಳಿ ಹಿಡೀರಿ.

ಮಧ್ಯಾಹ್ನ ಎರಡಕ್ಕ ಒಣದು 37, ಹಸಿದು 24 ಬಂತು ಅನ್ರಿ. ನಮ್ಮ ಎತ್ತರದ ಒತ್ತಡ 940 ಹೆಕ್ಟೋಪ್ಯಾಸ್ಕಲ್ ಹಿಡದ್ರ ಇಬ್ಬನಿ ಬಿಂದು, ಅಂದ್ರ ಹವಾದಾಗಿನ ತೇವ ಹನಿಗಟ್ಟೋ ಉಷ್ಣಾಂಶ, 19 ಆಗತೈತಿ. 37ರಾಗ 19 ಕಳದ್ರ 18. ಒಂದು ಡಿಗ್ರಿ ವ್ಯತ್ಯಾಸಕ್ಕ 125 ಮೀಟರ್ ಹಂಗ ಮೋಡದ ತಳ 2,250 ಮೀಟರ್ ಮ್ಯಾಲ. ಇದು ಮಳಿ ಕೊಡೋ ದಿನ. ಅದ 37ಕ್ಕ ಹಸಿದು 21 ಇದ್ರ ಇಬ್ಬನಿ ಬಿಂದು 13ಕ್ಕ ಬೀಳತೈತಿ, ತಳ ಮೂರು ಕಿ.ಮೀ. ಮ್ಯಾಲ ಹೋಗತೈತಿ. ಅಂಥಾ ದಿನ ಮೋಡದ ಕೆಳಗ ಮಳಿ ಬೂದಿ ಬಣ್ಣದ ಜಾಲರಿ ಹಂಗ ಜೋತಾಡಿ ನಡುವ ಆರಿಹೋಗತೈತಿ. ಹನಿ ಆರೋ ಮುಂದ ಗಾಳಿ ತಣ್ಣಗಾಗಿ ಭಾರ ಆಗಿ ದಬದಬ ಇಳೀತೈತಿ. ಹಂಗಾಗಿ ಒಣ ದಿನದ ಮೋಡದಾಗ ಮಳಿ ಕಡಿಮಿ, ಗಾಳಿ ಜೋರು. ತಾಡಪತ್ರಿ ಹಾರಿಸಿಕೊಂಡು ಹೋಗೋದು, ಕೆಲಗೇರಿ ಕಡೆ ಆಪೂಸ್ ಉದುರಿಸೋದು ಇಂಥಾ ಗಾಳಿನ.

ಇನ್ನೊಂದು. ಸಂಜಿ ಮುಂದ ಪಡುವಣ ಕಡೆಯಿಂದ ಸಮುದ್ರದ ತೇವಗಾಳಿ ಘಟ್ಟ ಹತ್ತಿ ಧಾರವಾಡಕ್ಕ ಮೊದಲ ಬರತೈತಿ, ನಮಗ ತಡ. ಎರಡಕ್ಕ ಒಮ್ಮೆ ಓದಿ ಸುಮ್ಮನಾಗಬ್ಯಾಡ್ರಿ, ಅರ್ಧ ಗಂಟೆಗೊಮ್ಮೆ ಓದ್ರಿ. ಒಣದು ಇಳಿದು ಹಸಿದು ಏರಿತು ಅಂದ್ರ ತೇವ ಬಂತು, ಆವಾಗ ಲೆಕ್ಕ ಹೊಸದಾಗಿ ಮಾಡ್ರಿ.

ಗಾಳಿ ಬರೋದನ್ನ ಕಣ್ಣಿಲೆ ಹಿಡಿಯೋದಂದ್ರ ಧೂಳು ನೋಡ್ರಿ. ಏಪ್ರಿಲ್‌ನ್ಯಾಗ ಎರಿ ಹೊಲ ಎಲ್ಲಾ ಬಯಲು. ಗಾಳಿಯ ಅಂಚು ಬರೋ ಮುಂದ ದಿಗಂತದ ಬುಡದಾಗ ಕಂದು ಪಟ್ಟಿ ಏಳತೈತಿ, ಮ್ಯಾಲಿನ ಅಂಚು ಹೂಕೋಸಿನ ಹಂಗ ಉಬ್ಬಿರತೈತಿ. ಬರೇ ಬಿಸಲಗಾಳಿ ಧೂಳಿಗೆ ಅಂಥಾ ಅಂಚು ಇರಂಗಿಲ್ಲ.

ಕಪ್ಪತ_ಗಾಳಿ:

ಗದಗ ಕಡೆಯವರಿಗೆ ಇನ್ನೊಂದು ಗುರುತು ಕಣ್ಣೆದುರೇ ಇದೆ. ಕಪ್ಪತಗುಡ್ಡದ ಸಾಲಿನ ಗಾಳಿಯಂತ್ರಗಳು ಗಾಳಿ ಬರುವ ಕಡೆಗೇ ಮುಖ ಮಾಡುತ್ತವೆ. ಒಂದು ತುದಿಯ ಯಂತ್ರಗಳು ಸಾಲಿನಿಂದ ಬೇರೆಯಾಗಿ ಗುಡುಗಿನ ಕಡೆ ತಿರುಗಿದರೆ ತಣ್ಣನೆಯ ಗಾಳಿ ಅಲ್ಲಿಗೆ ಮುಟ್ಟಿದೆ ಎಂದರ್ಥ. ಆದರೆ ಅವು ಗಾಳಿಯ ಸರಾಸರಿ ನೋಡಿ ನಿಧಾನಕ್ಕೆ ತಿರುಗುವುದರಿಂದ ಕೆಲವು ನಿಮಿಷ ತಡವಾಗಿಯೇ ಹೇಳುತ್ತವೆ.

ಎತ್ತರ ಅಳೆಯಲು ಕೈ ಚಾಚಿ ಮುಷ್ಟಿ ಹಿಡಿಯಿರಿ, ಒಂದು ಮುಷ್ಟಿ ಅಂದರೆ ಹತ್ತು ಡಿಗ್ರಿ. ಗದಗಿನ ಮೇಲೆ ನಿಂತ 12 ಕಿ.ಮೀ. ಎತ್ತರದ ಮೋಡ, 55 ಕಿ.ಮೀ. ದೂರದ ಹುಬ್ಬಳ್ಳಿಯಿಂದ ಒಂದು ಮುಷ್ಟಿಗಿಂತ ಸ್ವಲ್ಪ ಮೇಲೆ ಕಾಣುತ್ತದೆ. ಉಪಗ್ರಹ ಚಿತ್ರದಿಂದ ದೂರ ಹಿಡಿದರೆ ಮುಷ್ಟಿಯಿಂದ ಎತ್ತರ ಸಿಗುತ್ತದೆ. ತುದಿ ಇನ್ನೂ ಹೂಕೋಸಿನಂತೆ ಗಟ್ಟಿ ಅಂಚಿನದಾಗಿದ್ದರೆ ಬೆಳೆಯುತ್ತಿದೆ. ಅಂಚು ನಾರುನಾರಾಗಿ ಮೇಲೆ ಚಪ್ಪಟೆ ಹರಡಿದರೆ ಆ ಗೋಪುರ ಮುಗಿಯುತ್ತಾ ಬಂದಿದೆ. ಆಗ ಅದನ್ನೇ ನೋಡುತ್ತಾ ಕೂರಬೇಡಿ, ಅದರ ಬುಡದ ಪಕ್ಕದಲ್ಲಿ ಹೊಸದು ಎಲ್ಲಿ ಮೊಳೆಯುತ್ತಿದೆ ನೋಡಿ. ಆ ಚಿತ್ರ ಕೊಡುವ ಇನ್ಸಾಟ್-3ಡಿಆರ್ ಉಪಗ್ರಹ ಇರುವುದು 74 ಡಿಗ್ರಿ ಪೂರ್ವದಲ್ಲಿ, ಸಮಭಾಜಕದ ಮೇಲೆ. ಅದು ನಮ್ಮನ್ನು ದಕ್ಷಿಣದಿಂದ ಓರೆಯಾಗಿ ನೋಡುವುದರಿಂದ 14 ಕಿ.ಮೀ. ಎತ್ತರದ ತುದಿ ನಕ್ಷೆಯಲ್ಲಿ ನಾಲ್ಕೈದು ಕಿ.ಮೀ. ಉತ್ತರಕ್ಕೆ ಸರಿದು ಕಾಣುತ್ತದೆ. ಕುಂದಗೋಳ, ಶಿಗ್ಗಾವಿಯ ಅಳತೆಗೆ ಇದು ಸಣ್ಣ ತಪ್ಪಲ್ಲ.

ಹಾವೇರಿ_ಮಾಪನ:

ಬಾರೋಮೀಟರ್ ಬಗ್ಗೆ ಯಾರೂ ಹೇಳಲಿಲ್ಲ. ನಿಮಗೆ ಕಾಣುವ ಇಳಿತ ಮಳೆಯದ್ದಲ್ಲ. ನಮ್ಮ ಅಕ್ಷಾಂಶಗಳಲ್ಲಿ ಒತ್ತಡ ದಿನಕ್ಕೆರಡು ಸಲ ಏರಿಳಿಯುತ್ತದೆ: ಬೆಳಿಗ್ಗೆ, ರಾತ್ರಿ ಹತ್ತರ ಸುಮಾರಿಗೆ ಏರು, ಬೆಳಗಿನ ಜಾವ, ಸಂಜೆ ನಾಲ್ಕರ ಸುಮಾರಿಗೆ ಇಳಿತ. ಬೇಸಿಗೆಯ ಮಧ್ಯಾಹ್ನ ಮೂರ್ನಾಲ್ಕು ಹೆಕ್ಟೋಪ್ಯಾಸ್ಕಲ್ ಇಳಿಯುವುದು ಮೋಡವಿಲ್ಲದ ದಿನವೂ ಇದ್ದದ್ದೇ. ನೀವು ಹುಡುಕಬೇಕಾದದ್ದು ಇಳಿತವನ್ನಲ್ಲ, ಆ ಹೊತ್ತಲ್ಲದ ಹೊತ್ತಿನಲ್ಲಿ ಬರುವ ಜಿಗಿತವನ್ನು. ತಣ್ಣನೆಯ ಗಾಳಿ ಭಾರ, ಅದು ಬಂದೊಡನೆ ಹತ್ತು ನಿಮಿಷದಲ್ಲಿ ಒತ್ತಡ ಒಂದೆರಡು ಹೆಕ್ಟೋಪ್ಯಾಸ್ಕಲ್ ಮೇಲಕ್ಕೆ ಹಾರುತ್ತದೆ, ಉಷ್ಣಾಂಶ ಎಂಟು ಹತ್ತು ಡಿಗ್ರಿ ಕುಸಿಯಬಹುದು. ಮೊಬೈಲ್ ಒಂದೇ ಕಡೆ ಇರಬೇಕು. ಒಂಬತ್ತು ಮೀಟರ್ ಎತ್ತರಕ್ಕೆ ಒಂದು ಹೆಕ್ಟೋಪ್ಯಾಸ್ಕಲ್ ಬದಲಾಗುತ್ತದೆ, ಮಾಳಿಗೆ ಹತ್ತಿಳಿದರೂ ಗೆರೆ ಕುಣಿಯುತ್ತದೆ.

ಅಕ್ಕಪಕ್ಕದ ಮಳೆಗೆ ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವಾದ ಕೆಎಸ್‌ಎನ್‌ಡಿಎಂಸಿಯ ಗ್ರಾಮ ಪಂಚಾಯಿತಿ ಮಳೆಮಾಪಕಗಳ ಅಂಕಿ ನೋಡಿ. ಮೋಡ ಬರುವ ದಿಕ್ಕಿನ ಪಂಚಾಯಿತಿಯಲ್ಲಿ ಮಳೆ ಬಿತ್ತು ಎಂದರೆ ರೇಡಾರಿನ ಕೆಂಪು ನೆಲ ಮುಟ್ಟಿದ್ದಕ್ಕೆ ಸಾಕ್ಷಿ. ಸ್ವಂತ ಮಾಪಕ ಇಡುವುದಾದರೆ ಬಾಯಿ 16 ಸೆಂ.ಮೀ. ಅಗಲದ ಲಾಳಿಕೆ ಹಿಡಿಯಿರಿ, ಅದರ ಅಳತೆ ಸುಲಭ: 20 ಮಿ.ಲೀ. ನೀರು ಒಂದು ಮಿ.ಮೀ. ಮಳೆ.

ಕುಂದಗೋಳ_ಕಣ:

ಬಹಳ ಉಪಕಾರ. ಒಂದು ಉಳಿಯಿತು. ತಣ್ಣನೆಯ ಗಾಳಿ ಬಡಿದ ಮೇಲೆ ಮಳೆಗೆ ಎಷ್ಟು ಹೊತ್ತು? ಗಾಳಿ ಬಂದಾಗ ಹೊದಿಸಲು ಶುರು ಮಾಡಿದರೆ ಸಾಕೇ?

ನೃಪತುಂಗ_ಬೆಟ್ಟ:

ಸಾಲದು. ಗಾಳಿಯ ಬೆನ್ನಿಗೇ ಮೋಡ ಇದ್ದರೆ ಐದರಿಂದ ಹದಿನೈದು ನಿಮಿಷ. ಗಾಳಿ ಮೋಡವನ್ನು ಬಿಟ್ಟು ಮುಂದೆ ಬಂದು ನಿಮ್ಮ ತಲೆಯ ಮೇಲೆ ಹೊಸದನ್ನು ಎತ್ತಿದರೆ ಇಪ್ಪತ್ತರಿಂದ ಮೂವತ್ತು. ಎರಡೂ ಮುಕ್ಕಾಲು ಗಂಟೆಗೆ ಕಡಿಮೆ. ಗಾಳಿ ಹೊರಡುವ ಹೊತ್ತನ್ನೇ ಹಿಡಿಯಬೇಕು: ಇಬ್ಬನಿ ಬಿಂದು 18 ದಾಟಿದ ದಿನ, ಯಾವ ದಿಕ್ಕಿನಲ್ಲೇ ಆಗಲಿ 40 ಕಿ.ಮೀ. ಒಳಗೆ 50 ಡಿಬಿಝಡ್ (ರೇಡಾರಿಗೆ ಮರಳುವ ಪ್ರತಿಧ್ವನಿಯ ಬಲದ ಅಳತೆ) ಮೀರಿದ ತಿರುಳು ರೇಡಾರಿನಲ್ಲಿ ಬಂದರೆ, ಅಥವಾ ದಾಮಿನಿ ಆ್ಯಪ್ ಅಷ್ಟು ದೂರದಲ್ಲಿ ಮಿಂಚಿನ ಗುಂಪು ತೋರಿಸಿದರೆ ಆಳುಗಳನ್ನು ಕರೆಯಿರಿ. ಕೆಲವು ದಿನ ಸುಮ್ಮನೆ ಹೊದಿಸಿದಂತಾಗುತ್ತದೆ. ಒದ್ದೆಯಾದ ಕಾಯಿ ಬಣ್ಣ ಕಳೆದುಕೊಂಡು ಬೂಸು ಹಿಡಿಯುವುದಕ್ಕಿಂತ ಅದು ಮೇಲು.

ಕಪ್ಪತ_ಗಾಳಿಯವರ ಮುಷ್ಟಿ ಲೆಕ್ಕ ಮಾಡಲು ಗುಡ್ಡ ಹತ್ತುವವರು ಗಮನಿಸಬೇಕು. ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸಿ, ಮೂರು ಸೆಕೆಂಡಿಗೆ ಒಂದು ಕಿ.ಮೀ. ಎಣಿಕೆ ಮೂವತ್ತರೊಳಗೆ ಬಂದರೆ ಇಳಿದು ಗಟ್ಟಿ ಕಟ್ಟಡಕ್ಕೋ ಬಾಗಿಲು ಮುಚ್ಚಿದ ಕಾರಿಗೋ ಸೇರಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಹೊರಗೆ ಬರಬೇಡಿ. ತಲೆಯ ಮೇಲೆ ಬಿಸಿಲಿದ್ದರೂ ಸಿಡಿಲು ಮೋಡದ ಪಕ್ಕದಿಂದ ಹತ್ತು ಕಿ.ಮೀ. ಆಚೆ ಬಂದು ಬೀಳುತ್ತದೆ. ಕಣದ ಆಳುಗಳಿಗೂ ಇದೇ ಲೆಕ್ಕ. ಎಣಿಕೆ ಮೂವತ್ತರೊಳಗೆ ಬಂತೆಂದರೆ ಅರ್ಧ ಹೊದಿಸಿದ್ದನ್ನು ಹಾಗೇ ಬಿಟ್ಟು ಒಳಗೆ ಹೋಗಬೇಕು, ಬೇವಿನ ಮರದಡಿ ಅಲ್ಲ.

ಎರಿಹೊಲ_ಅಣ್ಣಿಗೇರಿ:

ತಾಡಪತ್ರಿ ಹೊದಸೋ ಮುಂದ ಮೋಡ ಇರೋ ಕಡೆ ಅಂಚಿಗೆ ಮೊದಲ ಮಣ್ಣಿನ ಚೀಲ ಇಡ್ರಿ, ಉಳಿದ ಮೂರು ಕಡೆ ಆಮ್ಯಾಲ. ಗಾಳಿ ಅದ ಕಡೆಯಿಂದ ನುಗ್ಗತೈತಿ, ಆ ಅಂಚು ಎದ್ರ ಪೂರಾ ಹಾಳಿನ ಎದ್ದು ಹೋಗತೈತಿ. ಕಲ್ಲು ಇಡಬ್ಯಾಡ್ರಿ, ಹಾಳಿ ಬಡಿದಾಡೋ ಮುಂದ ಕಲ್ಲಿನ ಮೂಲಿ ತಾಗಿ ಹರೀತೈತಿ.