ಅಪ್‌ಡೇಟ್: ಬ್ರೆಡ್‌ಗೆ ಚಾಕು ಸಿಕ್ಕಿತು, ಚಿಕನ್‌ಗೆ ಬೇರೆಯೇ ಬೇಕಾಯಿತು

ಮನೆಯಲ್ಲಿ ಮಾಡಿದ ಗೋಧಿ ಬ್ರೆಡ್ ಕೊಯ್ಯುವಾಗ ಅಪ್ಪಚ್ಚಿ ಆಗುತ್ತೆ, ಅದಕ್ಕೂ ರೋಸ್ಟ್ ಚಿಕನ್‌ಗೂ ಆಗುವ ಒಂದೇ ಚಾಕು ಹೇಳಿ ಅಂತ ಹೋದ ವಾರ ಕೇಳಿದ್ದೆ. ಉತ್ತರ ಕೊಟ್ಟ ಎಲ್ಲರಿಗೂ ಥ್ಯಾಂಕ್ಸ್.

ಮೊದಲು ಹಳೇ ಚಾಕುವಿಗೇ ಸಾಣೆ ಹಿಡಿಸಿ ನೋಡಿದೆ. ಟೊಮೆಟೊ ಚೆನ್ನಾಗಿ ಹೆಚ್ಚಿತು, ಬ್ರೆಡ್ಡಿನ ಗಟ್ಟಿ ಮೇಲ್ಪದರದ ಮೇಲೆ ಮಾತ್ರ ಜಾರಿತು. ಕೊನೆಗೆ ಕೆಲಸ ಮಾಡಿದ್ದು ನಿಮ್ಮಲ್ಲೊಬ್ಬರು ಹೇಳಿದ 10 ಇಂಚಿನ, ಗರಗಸದ ಹಾಗೆ ಹಲ್ಲಿರುವ ಚಾಕು. ಅಲಗು ಬ್ರೆಡ್ಡಿನ ಅಗಲಕ್ಕಿಂತ ಜಾಸ್ತಿ ಉದ್ದ ಇದ್ದರೇನೇ ಹಿಂದೆ ಮುಂದೆ ಎಳೆಯೋಕೆ ಜಾಗ ಸಿಗೋದು. ಒತ್ತಬಾರದು, ಸುಮ್ನೆ ಎಳೆಯಬೇಕು ಅಷ್ಟೆ. ಮೊದಲ ಹೋಳು ಬಿದ್ದಾಗ ಒಳಗಿನ ಸಣ್ಣ ತೂತುಗಳೆಲ್ಲ ಹಾಗೇ ಇದ್ದವು. ನೋಡಿ ತುಂಬಾ ಖುಷಿಯಾಯಿತು.

ಚಿಕನ್‌ಗೆ ಅದು ಆಗಲಿಲ್ಲ. ಎದೆಯ ಮಾಂಸ ಎಳೆ ಎಳೆಯಾಗಿ ಕಿತ್ತುಬಂತು. ಅದಕ್ಕೆ ಹಲ್ಲಿಲ್ಲದ, ತೆಳು ಅಲಗೇ ಸರಿ. ಸಾಣೆ ಹಿಡಿಸಿದ ಹಳೇ ಚಾಕುವೇ ಸಾಕಾಯಿತು.

ಇನ್ನೊಂದು ವಿಷಯ ಈಗ ಗೊತ್ತಾಯಿತು. ನಾನು ಬ್ರೆಡ್ಡನ್ನು ಬಿಸಿ ಇರುವಾಗಲೇ ಕೊಯ್ಯುತ್ತಿದ್ದೆ. 2 ಗಂಟೆ ಆರಲು ಬಿಟ್ಟರೆ ಚಾಕುವಿಗೆ ಅಂಟೋದಿಲ್ಲ. ಚಿಕನ್ನನ್ನೂ 15 ನಿಮಿಷ ಬಿಟ್ಟು ಕೊಯ್ದರೆ ರಸ ಹಲಗೆ ತುಂಬಾ ಹರಿಯೋದಿಲ್ಲ.